ಹೆಣ್ಣು ಕಪ್ಪೆಗೆ ಹೊಂಡದಿಂದ ದಾರಿ ಬಿಡಿ

ಮಳೆ ಕೈಕೊಟ್ಟ ವರ್ಷ ಕೆಲವು ಊರುಗಳಲ್ಲಿ ಕಪ್ಪೆ ಮದುವೆ ಮಾಡುತ್ತಾರೆ. ಅರಿಶಿಣ ಹಚ್ಚಿ, ಅಕ್ಕಿಕಾಳು ಹಾಕಿ, ಮೆರವಣಿಗೆ ತೆಗೆದು, ಕಡೆಗೆ ಕೆರೆಗೋ ಬಾವಿಗೋ ಬಿಡುತ್ತಾರೆ. ಮದುಮಗ ಗಂಡೇ ಹೌದೋ, ಮದುಮಗಳು ಹೆಣ್ಣೇ ಹೌದೋ ಅಂತ ಮೊದಲು ಪರೀಕ್ಷೆ ಮಾಡಿದವರನ್ನು ನಾನಂತೂ ಕಂಡಿಲ್ಲ. ಮದುವೆಗೆ ಅಷ್ಟು ನೋಡದಿದ್ದರೂ ನಡೆದೀತು. ಆದರೆ ಹೊಲದಲ್ಲಿ ಕೃಷಿ ಹೊಂಡ ತೋಡಿಸಿ, ಅದರಲ್ಲಿ ಕಪ್ಪೆ ಇರಲಿ ಅನ್ನುವ ರೈತನಿಗೆ ಗಂಡು ಯಾವುದು, ಹೆಣ್ಣು ಯಾವುದು, ಎರಡರ ನಡವಳಿಕೆ ಹೇಗೆ ಅನ್ನುವುದು ಗೊತ್ತಿರಬೇಕು.

ಯಾಕೆ ಬರೆಯುತ್ತಿದ್ದೇನೆ ಅಂದರೆ, ನಮ್ಮ ಸಂತಪುರ ಹೋಬಳಿಯಲ್ಲಿ ಹೊಂಡ ತೋಡಿಸಿದ ಮೂರು ನಾಲ್ಕು ಜನ ನನ್ನ ಹತ್ತಿರ ಒಂದೇ ಪ್ರಶ್ನೆ ತಂದರು. "ಕಾಕಾ, ಹೊಂಡದಾಗ ಕಪ್ಪಿ ಬಿಡಬೇಕಂತ ಮಾಡೀನ್ರಿ. ಎಷ್ಟು ಬಿಡ್ಲಿ, ಎಲ್ಲಿಂದ ತರ್ಲಿ?" ನನ್ನ ಉತ್ತರ: ಒಂದೂ ತರಬೇಡಿ, ಒಂದೂ ಬಿಡಬೇಡಿ. ಅವು ತಾವೇ ಬರುತ್ತವೆ. ನೀವು ನೋಡಬೇಕಾದದ್ದು ಬಂದವು ಹೊರಗೆ ಹೋಗಲಿಕ್ಕೆ ದಾರಿ ಇದೆಯೋ ಇಲ್ಲವೋ ಅನ್ನುವುದನ್ನು.

ಗಾಜಿನ ತೊಟ್ಟಿಯಲ್ಲಿ ಕಂಡದ್ದು

ಇದು ನನಗೆ ಸರಿಯಾಗಿ ತಿಳಿದದ್ದು ಹೊಲದಲ್ಲಿ ಅಲ್ಲ, ಹೈದರಾಬಾದಿನಲ್ಲಿ ತಂಗಿಯ ಮನೆಯಲ್ಲಿ. ಅಳಿಯ ಮೀನಿನ ಗಾಜಿನ ತೊಟ್ಟಿಯಲ್ಲಿ ಆಫ್ರಿಕಾದ ಕುಬ್ಜ ಕಪ್ಪೆಗಳನ್ನು ಇಟ್ಟಿದ್ದಾನೆ. ಕಾಂಗೋ ನದಿಯ ಸೀಮೆಯ ಜಾತಿ. ಪೂರ್ತಿ ಬೆಳೆದರೂ 3-4 ಸೆಂಟಿಮೀಟರ್ ಮಾತ್ರ. ಜನ್ಮವೆಲ್ಲ ನೀರಲ್ಲೇ ಕಳೆಯುತ್ತದೆ, ದಡಕ್ಕೆ ಬರುವುದಿಲ್ಲ. ಆದರೂ ಮೀನಿನ ಹಾಗೆ ಕಿವಿರು ಇಲ್ಲ, ಪುಪ್ಪುಸವೇ ಇರುವುದು. ಗಳಿಗೆಗೊಮ್ಮೆ ಮೇಲೆ ಬಂದು ಗಾಳಿ ಕುಡಿದು ತಳಕ್ಕೆ ಇಳಿಯುತ್ತದೆ. ನಾಲಿಗೆ ಇಲ್ಲ, ಕಣ್ಣೂ ಮಂದ. ವಾಸನೆ ಹಿಡಿದು ಹುಳ ಹುಡುಕಿ, ಮುಂಗೈಯಿಂದ ಬಾಯಿಗೆ ತುರುಕಿಕೊಳ್ಳುತ್ತದೆ.

ತೊಟ್ಟಿಯಲ್ಲಿ ನಾಲ್ಕು ಇದ್ದವು. ಅಂಗಡಿಯವನು ಗಂಡು ಹೆಣ್ಣು ನೋಡದೆ ಕೊಟ್ಟದ್ದು. ಅಳಿಯ ಒಂದೊಂದನ್ನೇ ತೋರಿಸಿದ. ಹೆಣ್ಣು ದಪ್ಪ, ಪೇರಲ ಹಣ್ಣಿನ ಆಕಾರ, ಹಿಂಗಾಲುಗಳ ನಡುವೆ ಬಾಲದ ಮೊಳಕೆಯಂಥ ಚಿಕ್ಕ ಗುಬುಟು. ಗಂಡು ಸಣಕಲು, ಮುಂಗಾಲಿನ ಹಿಂದೆ ಕಂಕುಳ ಹತ್ತಿರ ಸಾಸಿವೆ ಕಾಳಿನಂಥ ಬಿಳಿ ಚುಕ್ಕೆ, ಅದು ಒಂದು ಗ್ರಂಥಿ. ರಾತ್ರಿ ದೀಪ ಆರಿಸಿದ ಮೇಲೆ ಗಂಡು ನೀರಿನೊಳಗೇ ಸಣ್ಣಗೆ ಗುಂಯ್‌ಗುಡುತ್ತದೆ. ಆ ತೊಟ್ಟಿಯಲ್ಲಿ ಮೂರು ಗಂಡು, ಒಂದೇ ಹೆಣ್ಣು.

ಆ ಹೆಣ್ಣಿನ ಪಾಡು ನೋಡಬೇಕಿತ್ತು. ಒಂದು ಗಂಡು ಹಿಂದಿನಿಂದ ಬಂದು ನಡುವನ್ನು, ಅಂದರೆ ಹಿಂಗಾಲಿನ ಮುಂದೆ, ಗಟ್ಟಿಯಾಗಿ ತಬ್ಬಿಕೊಳ್ಳುತ್ತದೆ. ಗಂಟೆಗಟ್ಟಲೆ ಬಿಡುವುದಿಲ್ಲ. ಹೆಣ್ಣು ಗಾಳಿಗೆ ಮೇಲೆ ಹೋಗಬೇಕಾದರೂ ಅದನ್ನು ಹೊತ್ತುಕೊಂಡೇ ಹೋಗಬೇಕು. ಅದು ಬಿಟ್ಟರೆ ಇನ್ನೊಂದು ಕಾದಿರುತ್ತದೆ. ಹೊಟ್ಟೆಯಲ್ಲಿ ಮೊಟ್ಟೆ ಇದ್ದರೆ ಜೋಡಿ ಮೇಲಕ್ಕೆ ಈಜಿ, ನೀರಿನ ಮಟ್ಟದಲ್ಲಿ ಮಗುಚಿ, ಒಂದಿಷ್ಟು ಮೊಟ್ಟೆ ಬಿಟ್ಟು, ಕೆಳಗಿಳಿದು, ಮತ್ತೆ ಮೇಲೇರಿ ಹೀಗೆ ರಾತ್ರಿಯೆಲ್ಲ ನಡೆಯುತ್ತದೆ. ಮೊಟ್ಟೆ ಇಲ್ಲದ ದಿನವೂ ಗಂಡಿಗೆ ತಿಳುವಳಿಕೆ ಇಲ್ಲ. ಹೆಣ್ಣು ಮೇವು ಬಿಟ್ಟು ಬಡಕಲಾಗಿ ಗಿಡದ ಮರೆಗೆ ಸೇರಿತ್ತು.

ಅದಕ್ಕೇ ಇವನ್ನು ಸಾಕುವವರು ಒಂದು ಗಂಡಿಗೆ ಎರಡು ಮೂರು ಹೆಣ್ಣು ಅನ್ನುವ ಲೆಕ್ಕ ಇಡುತ್ತಾರೆ, ಅಡಗಲಿಕ್ಕೆ ಗಿಡ, ಒಡೆದ ಗಡಿಗೆಯ ಚೂರು ಹಾಕುತ್ತಾರೆ. ಅಳಿಯ ಎರಡು ಗಂಡನ್ನು ಬೇರೆ ತೊಟ್ಟಿಗೆ ತೆಗೆದ. ಎರಡು ವಾರದಲ್ಲಿ ಹೆಣ್ಣು ಮೈತುಂಬಿಕೊಂಡಿತು ಅಂತ ಫೋನಿನಲ್ಲಿ ಹೇಳಿದ. ಮೊಟ್ಟೆಯೇನೋ ನೂರಾರು ಬರುತ್ತವೆ, ಎರಡು ಮೂರು ದಿನದಲ್ಲಿ ಒಡೆಯುತ್ತವೆ. ಆದರೆ ದೊಡ್ಡವೇ ಅವನ್ನು ತಿಂದುಬಿಡುತ್ತವೆ. ಉಳಿದ ಮರಿಗಳಿಗೂ ಪಾಚಿ ಸಾಲದು, ಕಣ್ಣಿಗೆ ಕಾಣದಷ್ಟು ಸಣ್ಣ ಜೀವಂತ ಹುಳವೇ ಬೇಕು. ಮರಿ ಮಾಡಿ ಮಾರಿ ಲಾಭ ಮಾಡುತ್ತೇನೆ ಅನ್ನುವವರು ಇದನ್ನು ಮೊದಲು ತಿಳಿದಿರಲಿ.

ಹೊಲದಲ್ಲಿ ಲೆಕ್ಕ ಉಲ್ಟಾ

ಊರಿಗೆ ಬಂದ ಮೇಲೆ ನನಗೆ ಒಂದು ವಿಚಾರ ತಲೆ ಕೊರೆಯಲಿಕ್ಕೆ ಹತ್ತಿತು. ಮಿರಗದ ಮಳೆ ಬಿದ್ದ ರಾತ್ರಿ ಹೊಲದ ತಗ್ಗಿನಲ್ಲಿ ಬ್ಯಾಟರಿ ಹಿಡಿದು ನಿಂತರೆ ಕಾಣುವುದು ಬರೀ ಗಂಡುಗಳೇ. ಒಂದು ರಾತ್ರಿ ನಾನು ಎಣಿಸಿದಾಗ ಕೂಗುವ ನೆಲಗಪ್ಪೆ ಹನ್ನೊಂದು, ಜೋಡಿಯಾದದ್ದು ಎರಡೇ. ಒಂದು ಗಂಡಿಗೆ ಎರಡು ಹೆಣ್ಣು ಅನ್ನುವ ತೊಟ್ಟಿಯ ಲೆಕ್ಕ ಎಲ್ಲಿ, ಇದು ಎಲ್ಲಿ? ಹಾಗಿದ್ದರೂ ಇಲ್ಲಿ ಹೆಣ್ಣುಗಳ ಕುಲ ನಾಶವಾಗಿಲ್ಲವಲ್ಲ.

ಕಾರಣ ಸರಳ. ತಗ್ಗಿನಲ್ಲಿ ಗಂಡು ರಾತ್ರಿ ರಾತ್ರಿ ಬಂದು ಕಾಯುತ್ತದೆ. ಹೆಣ್ಣು ಬರುವುದು ಹೊಟ್ಟೆ ತುಂಬ ಮೊಟ್ಟೆ ಬಲಿತ ರಾತ್ರಿ ಮಾತ್ರ. ಬಂದು, ಜೋಡಿಯಾಗಿ, ಮೊಟ್ಟೆ ಇಟ್ಟು, ಬೆಳಗಾಗುವುದರೊಳಗೆ ದಡ ಹತ್ತಿ ಹೊಲದೊಳಗೆ ಹೊರಟುಹೋಗುತ್ತದೆ. ಗಾಜಿನ ತೊಟ್ಟಿಯ ಹೆಣ್ಣಿಗೆ ಹೋಗಲಿಕ್ಕೆ ದಡ ಇಲ್ಲ. ಎಷ್ಟು ಗಂಡು, ಎಷ್ಟು ಹೆಣ್ಣು ಅನ್ನುವ ಲೆಕ್ಕ ಹುಟ್ಟುವುದೇ ದಾರಿ ಮುಚ್ಚಿದಾಗ.

ಈಗ ನಮ್ಮ ಕೃಷಿ ಹೊಂಡ ನೋಡಿ. 2014ರಲ್ಲಿ ಕೃಷಿ ಭಾಗ್ಯ ಬಂದ ಮೇಲೆ ಒಣ ಬೇಸಾಯದ ತಾಲೂಕುಗಳಲ್ಲಿ ಹೊಂಡಗಳು ಬಹಳ ಆದವು. ಎರಿ ಮಣ್ಣಿನಲ್ಲಿ ನೀರು ನಿಲ್ಲುತ್ತದೆ. ಕೆಂಪು ಮಣ್ಣು, ಜಂಬಿಟ್ಟಿಗೆ ಇದ್ದಲ್ಲಿ ಇಂಗಿ ಹೋಗುತ್ತದೆ ಅಂತ ಪ್ಲಾಸ್ಟಿಕ್ ಹಾಳೆ ಹೊದಿಸುತ್ತೇವೆ. ನನ್ನದು 12 ಮೀಟರ್ ಉದ್ದ, 12 ಮೀಟರ್ ಅಗಲ, 3 ಮೀಟರ್ ಆಳ, ಹಾಳೆ ಹೊದಿಸಿದ್ದು. ಇಳಿಜಾರಿನ ಹಾಳೆಗೆ ಎರಡು ತಿಂಗಳಲ್ಲಿ ಪಾಚಿ ಹಿಡಿಯುತ್ತದೆ. ಆಮೇಲೆ ಅದರ ಮೇಲೆ ಕಪ್ಪೆ ಅಲ್ಲ, ನಾಯಿಯೂ ಹತ್ತಲಾರದು. ಅಂದರೆ ಹೊಲದ ನಡುವೆ ನಾವೊಂದು ದೊಡ್ಡ ಗಾಜಿನ ತೊಟ್ಟಿ ಕೂಡಿಸಿದ್ದೇವೆ. ಕೂಗು ಕೇಳಿ ಹೆಣ್ಣು ಒಳಗೆ ಇಳಿಯುತ್ತದೆ, ಹೊರಗೆ ಬರುವುದಿಲ್ಲ.

"ಕಪ್ಪಿಗೆ ಈಜು ಬರ್ತದಲ್ರೀ, ಅದು ಹ್ಯಾಂಗ ಮುಳುಗಿ ಸಾಯ್ತದ?" ಅಂತ ಕೇಳುತ್ತಾರೆ. ನೆಲಗಪ್ಪೆ ಮತ್ತು ಮಣ್ಣಿನಲ್ಲಿ ಹುದುಗುವ ಕಪ್ಪೆಗಳು ವರ್ಷದಲ್ಲಿ ಬಹುಕಾಲ ನೆಲದ ಮೇಲೆ, ನೆಲದ ಒಳಗೆ ಬಾಳುವ ಜೀವಗಳು. ಈಜುತ್ತವೆ, ಆದರೆ ನಡುವೆ ಕೂತು ದಣಿವಾರಿಸಿಕೊಳ್ಳಬೇಕು. ಗಂಡು ಬೆನ್ನ ಮೇಲೆ ಇದ್ದರೆ ಹೆಣ್ಣಿಗೆ ದಣಿವು ಇನ್ನೂ ಹೆಚ್ಚು. ಒಂದು ಹೆಣ್ಣಿನ ಮೇಲೆ ಮೂರು ನಾಲ್ಕು ಗಂಡು ಮುಗಿಬಿದ್ದು ಅದನ್ನು ಮುಳುಗಿಸಿಬಿಡುವುದು ನೆಲಗಪ್ಪೆಗಳಲ್ಲಿ ಇದ್ದದ್ದೇ. ದಡ ಸಿಕ್ಕರೆ ತಪ್ಪಿಸಿಕೊಳ್ಳುತ್ತದೆ. ಹಾಳೆಯ ಹೊಂಡದಲ್ಲಿ ಮೂಲೆಯಿಂದ ಮೂಲೆಗೆ ಸುತ್ತಿ ಸುತ್ತಿ ಬೆಳಗ್ಗೆ ಹೊಟ್ಟೆ ಮೇಲಾಗಿ ತೇಲುತ್ತದೆ. ಹೀಗೆ ತೇಲಿದವುಗಳಲ್ಲಿ ದೊಡ್ಡ ಹೊಟ್ಟೆಯವೇ ಹೆಚ್ಚು ಅಂತ ಪಕ್ಕದ ಹೊಂಡದವರೂ ಹೇಳಿದರು. ಒಂದು ಹೆಣ್ಣು ಸತ್ತರೆ ಸಾವಿರಾರು ಮೊಟ್ಟೆ ಹೋದ ಲೆಕ್ಕ. ಕೂಗುವ ಗಂಡು ಎಷ್ಟೇ ಉಳಿದರೂ ಮುಂದಿನ ವರ್ಷಕ್ಕೆ ಏನೂ ಇಲ್ಲ.

ಬೆರಳ ತುದಿಯಲ್ಲಿ ಅಂಟುವ ಬಿಲ್ಲೆ ಇರುವ ಮರಗಪ್ಪೆಗೆ ಈ ತೊಂದರೆ ಇಲ್ಲ, ಗೋಡೆ ಹತ್ತುವ ಹಾಗೆ ಹತ್ತಿ ಹೋಗುತ್ತದೆ. ತಟ್ಟಿದ ಸಪ್ಪಳಕ್ಕೆ ನೀರ ಮೇಲೆ ಪಟಪಟ ಜಿಗಿದು ಓಡುವ ಕಪ್ಪೆ ಇದೆಯಲ್ಲ, ಬಾವಿಯಲ್ಲಿ ಬರೀ ಕಣ್ಣು ಮೇಲಿಟ್ಟು ತೇಲುವುದು, ಅದಕ್ಕೂ ನೀರೇ ಮನೆ.

ಗಂಡು ಹೆಣ್ಣು ಗುರುತು

ಕೂಗುವುದೆಲ್ಲ ಗಂಡು. ಇದೊಂದು ತಿಳಿದರೆ ಅರ್ಧ ಕೆಲಸ ಮುಗಿಯಿತು. ನಮ್ಮ ಜಾತಿಗಳಲ್ಲಿ ಸಾಮಾನ್ಯವಾಗಿ ಹೆಣ್ಣೇ ದೊಡ್ಡದು. ಜೋಡಿ ಕಂಡರೆ ಮೇಲಿರುವುದು ಗಂಡು, ಹೊತ್ತು ನಡೆಯುವುದು ಹೆಣ್ಣು.

ಗೂಳಿಗಪ್ಪೆಯ ಗಂಡನ್ನು ಗುರುತಿಸಲಿಕ್ಕೆ ಪುಸ್ತಕ ಬೇಡ. ಮೊದಲ ದೊಡ್ಡ ಮಳೆಗೆ ಅದರ ಮೈ ನಿಂಬೆಹಣ್ಣಿನ ಹಳದಿಗೆ ತಿರುಗುತ್ತದೆ. ಗಂಟಲಿನ ಎರಡೂ ಬದಿ ನೀಲಿ ಚೀಲ ಉಬ್ಬುತ್ತವೆ. ಹೆಣ್ಣು ಎಂದಿನ ಹಾಗೆ ಮಬ್ಬು ಹಸಿರು. ಕೆಲವು ದಿನ ಆದ ಮೇಲೆ ಗಂಡೂ ಬಣ್ಣ ಕಳೆದುಕೊಳ್ಳುತ್ತದೆ. "ಹಳದಿ ಕಪ್ಪಿ ಬ್ಯಾರೆ ಜಾತಿ, ವಿಷ ಇರ್ತದ" ಅಂತ ಹುಡುಗರು ಕಲ್ಲು ಹೊಡೆಯುತ್ತಾರೆ, ಬೇರೆ ಜಾತಿ ಏನೂ ಅಲ್ಲ.

ನೆಲಗಪ್ಪೆಯಲ್ಲಿ ಮಳೆಗಾಲದ ಗಂಡಿನ ಗಂಟಲು ಹಳದಿ ಬಣ್ಣಕ್ಕೆ ತಿರುಗಿರುತ್ತದೆ, ಮುಂಗೈಯ ಒಳಬೆರಳುಗಳ ಮೇಲೆ ಕರಿ ಒರಟು ಗಟ್ಟಿ ಇರುತ್ತದೆ. ಜಾರುವ ಹೆಣ್ಣನ್ನು ಹಿಡಿಯಲಿಕ್ಕೆ ಅದು. ಆಫ್ರಿಕಾದ ಕಪ್ಪೆ ನಡು ಹಿಡಿದರೆ ನಮ್ಮದು ಕಂಕುಳು ಹಿಡಿಯುತ್ತದೆ. ಕತ್ತಲಲ್ಲಿ ಗಂಡು ಗಂಡನ್ನೇ ಹಿಡಿಯುವುದೂ ಉಂಟು. ಆಗ ಸಿಕ್ಕಿಬಿದ್ದದ್ದು ಕಿಚ್ ಕಿಚ್ ಅಂತ ಬೇರೆ ದನಿ ತೆಗೆಯುತ್ತದೆ, ಹಿಡಿದದ್ದು ಬಿಟ್ಟುಬಿಡುತ್ತದೆ. ನೆಲಗಪ್ಪೆಯ ಮೊಟ್ಟೆ ಕರಿಮಣಿ ಸರದ ಹಾಗೆ ಉದ್ದ ಲೋಳೆ ದಾರದಲ್ಲಿ ಗಿಡಕ್ಕೆ ಸುತ್ತಿಕೊಂಡಿರುತ್ತದೆ. ಉಗುರಿನಷ್ಟಿದ್ದು ಊರೆಲ್ಲ ಕೇಳುವ ಹಾಗೆ ಕಿರ್‌ಗುಟ್ಟುವ ಸಣ್ಣ ಕಪ್ಪೆಯ ಮೊಟ್ಟೆ ನೀರ ಮೇಲೆ ತೆಳ್ಳಗೆ ಹರಡಿ ತೇಲುತ್ತದೆ. ಸರ ಕಂಡರೆ, ಹರಡಿದ ಮೊಟ್ಟೆ ಕಂಡರೆ, ಹೆಣ್ಣು ಬಂದು ಹೋಗಿದೆ ಅಂತ ಅರ್ಥ. ಬರೀ ಕೂಗು ಕೇಳಿ, ಮೊಟ್ಟೆ ಒಂದೂ ಕಾಣದಿದ್ದರೆ ಹೊಂಡದಲ್ಲಿ ಏನೋ ಅಡ್ಡಿ ಇದೆ ಅಂತ ಹುಡುಕಬೇಕು.

ದಾರಿ ಮಾಡುವ ಬಗೆ

ನಾನು ಮಾಡಿದ್ದು ಇಷ್ಟು. ಹೊಂಡದ ನಾಲ್ಕೂ ಮೂಲೆಗೆ ಒಂದೂವರೆ ಮೊಳ ಅಗಲದ ಗೋಣಿ ಪಟ್ಟಿ ಇಳಿಬಿಟ್ಟೆ. ಎರಡು ಹಳೇ ಗೋಣಿಚೀಲ ಸೇರಿಸಿ ಹೊಲಿದರೆ ಒಂದು ಉದ್ದಕ್ಕೆ ಸಾಲದು, ನಾಲ್ಕೈದು ಬೇಕು. ಪಟ್ಟಿ ಒಡ್ಡಿನ ಮೇಲಿನಿಂದ ತಳದವರೆಗೂ ಮುಟ್ಟಬೇಕು. ಯಾಕಂದರೆ ನೀರು ದಿನದಿನಕ್ಕೆ ಇಳಿಯುತ್ತದೆ, ಅರ್ಧಕ್ಕೆ ನಿಂತ ಪಟ್ಟಿ ಪ್ರಯೋಜನಕ್ಕಿಲ್ಲ. ಮೇಲಿನ ತುದಿಯನ್ನು ಒಡ್ಡಿನ ಮಣ್ಣಿನಲ್ಲಿ ಹೂತು ಕಲ್ಲು ಹೇರಿ. ಗೂಟ ಬಡಿಯುವುದಿದ್ದರೆ ಹಾಳೆಯಿಂದ ಹೊರಗೆ ಬಡಿಯಿರಿ, ತೂತು ಬಿದ್ದರೆ ಹೊಂಡವೇ ಹೋಯಿತು. ಪಟ್ಟಿ ತೇಲದ ಹಾಗೆ ಕೆಳತುದಿಗೆ ಮರಳು ತುಂಬಿದ ಸಣ್ಣ ಚೀಲ ಕಟ್ಟಿದೆ. ಕಲ್ಲು ಕಟ್ಟಬೇಡಿ, ಹಾಳೆ ಉಜ್ಜಿ ಹರಿಯುತ್ತದೆ.

ಮೂಲೆಯೇ ಯಾಕೆ ಅಂದರೆ, ದಡ ಸಿಗದ ಕಪ್ಪೆ ಹೊಂಡದ ಅಂಚು ಹಿಡಿದು ಈಜುತ್ತದೆ, ಈಜುತ್ತ ಮೂಲೆಗೆ ಬಂದು ತಾಗುತ್ತದೆ. ನಡುಗೋಡೆಗೆ ಇಳಿಬಿಟ್ಟರೆ ಪಕ್ಕದಿಂದ ದಾಟಿ ಹೋಗಿಬಿಡಬಹುದು. ಗೋಣಿ ಎರಡು ಮಳೆಗಾಲಕ್ಕೆ ಕೊಳೆಯುತ್ತದೆ. ತೆಂಗಿನ ನಾರಿನ ಚಾಪೆ ಸಿಕ್ಕರೆ ಹೆಚ್ಚು ಬಾಳುತ್ತದೆ. ಮೀನಿನ ಬಲೆ, ನೈಲಾನ್ ಹಕ್ಕಿಬಲೆ ಮಾತ್ರ ಹಾಕಲೇಬೇಡಿ. ಕಣ್ಣಿಗೆ ಕಾಲು ಸಿಕ್ಕು ಕಪ್ಪೆ, ಕೇರೆಹಾವು ಎರಡೂ ಅಲ್ಲೇ ಸಾಯುತ್ತವೆ.

ಗೋಣಿಯ ಜೊತೆ ಒಂದೊಂದು ಗಂಟು ಹಾಕಿದ ದಪ್ಪ ಹಗ್ಗವನ್ನೂ ಇಳಿಬಿಟ್ಟಿದ್ದೇನೆ. ಅದು ಕಪ್ಪೆಗಲ್ಲ. ಹಾಳೆಯ ಹೊಂಡಕ್ಕೆ ಜಾರಿದ ಮನುಷ್ಯನಿಗೂ ಹತ್ತಲಿಕ್ಕೆ ಆಧಾರ ಇಲ್ಲ. ಬೇಲಿ ಇದ್ದರೂ ಹಗ್ಗ ಇರಲಿ, ಮಕ್ಕಳಿರುವ ಮನೆ.

ಇನ್ನು ಮೊಟ್ಟೆ ಇಡಲಿಕ್ಕೆ ದೊಡ್ಡ ಹೊಂಡ ಬೇಕಾಗಿಯೇ ಇಲ್ಲ. ಹೊಂಡಕ್ಕೆ ನೀರು ಬರುವ ಬಾಯಿಯಲ್ಲಿ ಹೂಳು ತಡೆಯುವ ಗುಂಡಿ ತೋಡುತ್ತೇವಲ್ಲ, ಹಾಳೆ ಇಲ್ಲದ, ಒಂದೂವರೆ ಎರಡು ಅಡಿ ಆಳದ್ದು, ಕಪ್ಪೆಗೆ ಅದೇ ಸರಿಯಾದ ಹೆರಿಗೆ ಕೋಣೆ. ಮೊದಲ ಮಳೆಗೆ ತುಂಬುವುದೂ ಅದೇ. ನಾನು ಅದರ ಒಂದು ಬದಿಯನ್ನು ಇಳಿಜಾರು ಕಡಿದು, ತಳಕ್ಕೆ ಎರಿ ಮಣ್ಣು ತುಳಿದು ಹಾಕಿ, ನೀರು ಒಂದೂವರೆ ಎರಡು ತಿಂಗಳು ನಿಲ್ಲುವ ಹಾಗೆ ಮಾಡಿದೆ. ನಮ್ಮ ಬಹಳ ಜಾತಿಗಳ ಮರಿಗೆ ಬಾಲ ಉದುರಿ ಕಾಲು ಮೂಡಿ ದಡ ಹತ್ತಲಿಕ್ಕೆ ಅಷ್ಟು ದಿನ ಬೇಕು. ಆಷಾಢ ಶ್ರಾವಣದಲ್ಲಿ ಈ ಗುಂಡಿಯ ಹೂಳು ತೆಗೆಯಬಾರದು, ಬೇಸಿಗೆಯಲ್ಲಿ ತೆಗೆಯಿರಿ. ಇದರಲ್ಲಿ ಮೀನೂ ಬೇಡ. ಸೊಳ್ಳೆಗೆ ಅಂತ ಬಿಡುವ ಗಂಬೂಸಿಯ ಮೀನು ಗೊದಮೊಟ್ಟೆಯನ್ನೂ ಬಿಡುವುದಿಲ್ಲ. ಗೂಳಿಗಪ್ಪೆಯ ಗೊದಮೊಟ್ಟೆ ತಾನೇ ಸೊಳ್ಳೆಮರಿ ತಿನ್ನುತ್ತದೆ, ಸಿಕ್ಕರೆ ಬೇರೆ ಗೊದಮೊಟ್ಟೆಯನ್ನೂ ತಿನ್ನುತ್ತದೆ. ಅದು ಅವುಗಳ ಸಂಸಾರ, ನಾವು ನಡುವೆ ಹೋಗುವುದು ಬೇಡ.

ಔಷಧದ ನೀರು

ಸೋಯಾಕ್ಕೆ ಕಳೆನಾಶಕ ಹೊಡೆಯುವ ಹೊತ್ತು, ಗೊದಮೊಟ್ಟೆ ಗುಂಡಿಯಲ್ಲಿ ಇರುವ ಹೊತ್ತು ಎರಡೂ ಒಂದೇ. ಪಂಪು ತೊಳೆದ ನೀರು ಒಂದು ಕೊಡ ಬಿದ್ದರೂ ಸಾಕು, ಸಣ್ಣ ಗುಂಡಿ ಖಾಲಿ. ಗ್ಲೈಫೋಸೇಟ್ ಎಲೆಗೆ ಅಂಟಲಿ ಅಂತ ಸೇರಿಸಿರುವ ಸಾಬೂನಿನಂಥ ಪದಾರ್ಥವೇ ಗೊದಮೊಟ್ಟೆಗೆ ಹೆಚ್ಚು ಹಾನಿ ಅಂತ ಪ್ರಯೋಗಗಳಲ್ಲಿ ಕಂಡಿದೆ. ಗುಂಡಿಯ ಮೇಲ್ಭಾಗದ ಆರೆಂಟು ಸಾಲು ಕೈಯಿಂದಲೇ ಕಳೆ ತೆಗೆಸಿ, ಪಂಪನ್ನು ಇಳಿಜಾರಿನ ಕೆಳಗೆ, ನೀರಿನಿಂದ ದೂರ ತೊಳೆಯಿರಿ.

ಗಂಡು ಹೆಣ್ಣಿನ ಮಾತಿಗೇ ಸೇರಿದ ಒಂದು ಸಂಗತಿ. ಕಬ್ಬು, ಮೆಕ್ಕೆಜೋಳಕ್ಕೆ ಹೊಡೆಯುವ ಅಟ್ರಾಜಿನ್ ಕುರಿತು ಅಮೆರಿಕದ ವಿಜ್ಞಾನಿ ಟೈರೋನ್ ಹೇಯ್ಸ್ ಮತ್ತು ಸಂಗಡಿಗರು 2010ರಲ್ಲಿ ಒಂದು ವರದಿ ಪ್ರಕಟಿಸಿದರು. ನಾನು ಮೇಲೆ ಹೇಳಿದ ಕುಬ್ಜ ಕಪ್ಪೆಯ ದಾಯಾದಿ, ಆಫ್ರಿಕಾದ ಉಗುರುಗಪ್ಪೆಯ ಗಂಡು ಮರಿಗಳನ್ನು ಬಹಳ ಅಲ್ಪ ಪ್ರಮಾಣದ ಅಟ್ರಾಜಿನ್ ನೀರಿನಲ್ಲಿ ಬೆಳೆಸಿದಾಗ ಹತ್ತರಲ್ಲಿ ಒಂದರಷ್ಟು ಹೆಣ್ಣಾಗಿ ಬೆಳೆದು, ಬೇರೆ ಗಂಡಿನ ಜೊತೆ ಕೂಡಿ ಮೊಟ್ಟೆ ಇಟ್ಟವು. ಇದನ್ನು ಒಪ್ಪದ ವಿಜ್ಞಾನಿಗಳೂ ಇದ್ದಾರೆ, ವಾದ ನಡೆದೇ ಇದೆ. ಕಬ್ಬಿನ ಗದ್ದೆಯ ನೀರು ಹೊಂಡಕ್ಕೆ ಹರಿಯದ ಹಾಗೆ ಒಂದು ಬದು ಹಾಕಲಿಕ್ಕೆ ವಾದ ಮುಗಿಯುವ ತನಕ ಕಾಯಬೇಕಾಗಿಲ್ಲ.

ಕೇಳುವ ಪ್ರಶ್ನೆಗಳು

ಕಪ್ಪೆ ಇದ್ದರೆ ಔಷಧ ಬೇಡವೋ? ಹಾಗೆ ಹೇಳುವವನಲ್ಲ ನಾನು. ತೊಗರಿಯ ತುದಿಯಲ್ಲಿ ಕಾಯಿ ಕೊರೆಯುವ ಹುಳಕ್ಕೂ ನೆಲದ ಮೇಲೆ ಕೂತ ಕಪ್ಪೆಗೂ ಭೇಟಿಯೇ ಇಲ್ಲ. ಕಪ್ಪೆಯ ಪಾಳಿ ರಾತ್ರಿ, ನೆಲಮಟ್ಟದಲ್ಲಿ: ಮಿಡತೆ, ಚಿಟ್ಟಿರುವೆ, ಗೆದ್ದಲು, ಜೀರುಂಡೆ, ಸಸಿ ಕಡಿಯುವ ಹುಳ, ಗೂಳಿಗಪ್ಪೆಯಾದರೆ ಸಣ್ಣ ಇಲಿಮರಿಯೂ ಸೇರಿ. ಅಷ್ಟಕ್ಕೆ ಕೂಲಿ ಕೊಡಬೇಕಾಗಿಲ್ಲ.

ಹಾವು ಬರುತ್ತದಲ್ಲ? ಬರುತ್ತದೆ. ಕಪ್ಪೆ ಇದ್ದಲ್ಲಿ ಹಾವು ಇದ್ದದ್ದೇ. ಅದಕ್ಕೇ ಗುಂಡಿ ಮನೆ, ಕೊಟ್ಟಿಗೆಯ ಹತ್ತಿರ ಬೇಡ, ಹೊಲದ ಕೆಳತುದಿಗೆ ಇರಲಿ. ರಾತ್ರಿ ನೋಡಲಿಕ್ಕೆ ಹೋದರೆ ಬೂಟು, ಬ್ಯಾಟರಿ ಬಿಟ್ಟು ಹೋಗಬೇಡಿ.

ಬೇರೆ ಕಡೆಯಿಂದ ಹಿಡಿದು ತಂದರೆ? ತರಬಾರದು. ಗೂಳಿಗಪ್ಪೆಯಂಥ ಕಪ್ಪೆಗಳಿಗೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. ಹಿಂದೆ ಕಪ್ಪೆಯ ಕಾಲು ಹಡಗು ಹತ್ತಿ ವಿದೇಶಕ್ಕೆ ಹೋಗುತ್ತಿತ್ತು. ಗದ್ದೆಗಳು ಬರಿದಾಗಿ ಕೂಗಾಟ ಎದ್ದ ಮೇಲೆ 1987ರಲ್ಲಿ ಕೇಂದ್ರ ಸರಕಾರ ರಫ್ತು ನಿಲ್ಲಿಸಿತು. ಕಾನೂನಿನ ಮಾತು ಬಿಟ್ಟರೂ, ಹಿಡಿಯುವವನ ಕೈಗೆ ಸಿಗುವುದು ಕೂಗಿ ಜಾಗ ತೋರಿಸುವ ಗಂಡೇ. ಹತ್ತು ಗಂಡು ತಂದು ಹಾಳೆಯ ಹೊಂಡಕ್ಕೆ ಸುರಿದರೆ, ಬರುವ ಒಂದೆರಡು ಹೆಣ್ಣಿಗೆ ಅದು ಅಳಿಯನ ತೊಟ್ಟಿಗಿಂತ ಕಡೆ.

ಅಂಗಡಿಯ ಆಫ್ರಿಕಾ ಕಪ್ಪೆಯನ್ನು ಹೊಂಡಕ್ಕೆ ಬಿಟ್ಟರೆ? ಇದನ್ನು ಮಾತ್ರ ಯಾರೂ ಮಾಡಬೇಡಿ, ತೊಟ್ಟಿಯ ನೀರನ್ನೂ ಹಳ್ಳಕ್ಕೆ, ಬಾವಿಗೆ ಚೆಲ್ಲಬೇಡಿ. ಕಪ್ಪೆಗಳ ಚರ್ಮಕ್ಕೆ ಹತ್ತುವ ಒಂದು ಬೂಷ್ಟು ರೋಗ ಇದೆ. 1990ರ ದಶಕದ ಕೊನೆಗೆ ವಿಜ್ಞಾನಿಗಳು ಅದನ್ನು ಗುರುತಿಸಿದರು. ಜಗತ್ತಿನಲ್ಲಿ 500ಕ್ಕೂ ಹೆಚ್ಚು ಜಾತಿಗಳು ಅದರಿಂದ ಇಳಿಮುಖವಾಗಿವೆ, 90 ಜಾತಿ ಅಳಿದಿರಬಹುದು ಅಂತ 2019ರ ಲೆಕ್ಕ. ಮಾರಾಟದ ಕುಬ್ಜ ಕಪ್ಪೆಗಳಲ್ಲಿ ಈ ಬೂಷ್ಟು ಸಿಕ್ಕಿದೆ. ಇನ್ನೊಂದು, ಅಮೆರಿಕದಲ್ಲಿ 2009ರಿಂದ 2011ರವರೆಗೆ ಈ ಕಪ್ಪೆಗಳ ತೊಟ್ಟಿಯಿಂದ ಸಾಲ್ಮೊನೆಲ್ಲಾ ಬೇಧಿ ಹಬ್ಬಿ 240ಕ್ಕೂ ಹೆಚ್ಚು ಜನ ಹಾಸಿಗೆ ಹಿಡಿದರು, ಹೆಚ್ಚಿನವರು ಸಣ್ಣ ಮಕ್ಕಳು. ತೊಟ್ಟಿ ತೊಳೆದ ಮೇಲೆ ಸಾಬೂನಿನಿಂದ ಕೈ ತೊಳೆಯಬೇಕು, ಅಡುಗೆ ಪಾತ್ರೆ ತೊಳೆಯುವಲ್ಲಿ ಆ ನೀರು ಚೆಲ್ಲಬಾರದು. ತಂಗಿಗೂ ಇದನ್ನೇ ಹೇಳಿ ಬಂದಿದ್ದೇನೆ.

ಖರ್ಚು: ಗೋಣಿಚೀಲ ಮನೆಯಲ್ಲಿದ್ದವು, ಹಗ್ಗ ಮಾತ್ರ ಔರಾದ ಸಂತೆಯಿಂದ ತಂದದ್ದು. ಹೊಲಿಯಲಿಕ್ಕೆ, ಇಳಿಬಿಡಲಿಕ್ಕೆ ಇಬ್ಬರಿಗೆ ಒಂದು ದಿನ ಹಿಡಿಯಿತು. ರೋಹಿಣಿ ಮುಗಿಯುವುದರೊಳಗೆ ಕಟ್ಟಿದರೆ ಮಿರಗದ ಮೊದಲ ರಾತ್ರಿಗೆ ತಯಾರು. ಮೊದಲ ವಾರ ದಿನಾ ಬೆಳಗ್ಗೆ ಹೋಗಿ ಗೋಣಿ ಮಡಚಿಕೊಂಡಿದೆಯೋ ನೋಡಿ, ಮಳೆಯ ರಭಸಕ್ಕೆ ಅದು ಒಂದೆರಡು ಸಲ ಮೇಲೆ ಸುತ್ತಿಕೊಳ್ಳುತ್ತದೆ.